ಜೆರೂಸಲೇಮ್ ಕೋಟೆಯೊಳಗಿನ ಯೆಹೂದಿ ಕೇರಿ

ಪ್ರಾಚೀನ ನಗರಗಳ ಚರಿತ್ರೆಯನ್ನು ಅಭ್ಯಸಿಸುವವರ ದೃಷ್ಟಿ ಸಾಮಾನ್ಯವಾಗಿ ಮೊದಲು ಹರಿಯುವುದು ಅರಮನೆ, ದೇವಾಲಯ, ಕೋಟೆಕೊತ್ತಳಗಳ ಕಡೆಗೆ. ಜನರು ಬಾಳಿ ಬದುಕಿದ ಕೇರಿಗಳ ವಿಚಾರ ಅನಂತರದ್ದಾಗುತ್ತದೆ; ಎಷ್ಟೋ ಸಲ ಅದು ಬಾರದೆಯೇ ಹೋಗುತ್ತದೆ. ಆದರೆ ಒಂದು ಜನಾಂಗದ ಏಳುಬೀಳುಗಳನ್ನು ನಿಜವಾಗಿ ಅರಿಯಬೇಕಾದರೆ ಅದರ ಓಣಿ, ಅಂಗಳ, ನೀರಿನ ತೊಟ್ಟಿ, ಬಾಡಿಗೆಯ ಕರಾರುಗಳನ್ನು ನೋಡಬೇಕಾಗುತ್ತದೆ. ಈ ಮಾತಿಗೆ ಜೆರೂಸಲೇಮ್ ಕೋಟೆಯೊಳಗಿನ ಯೆಹೂದಿ ಕೇರಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ದುರ್ಲಭ.

ಈ ಕೇರಿಯ ವಿಷಯದಲ್ಲಿ ಒಂದು ಸಾಮಾನ್ಯ ಭಾವನೆ ಪ್ರಚಲಿತವಾಗಿದೆ. ಸೊಲೊಮೋನನ ಕಾಲದಿಂದ ಇಂದಿನವರೆಗೆ ಯೆಹೂದಿಗಳು ಇದೇ ನೆಲದಲ್ಲಿ, ಇದೇ ಮೂಲೆಯಲ್ಲಿ, ಎಡೆಬಿಡದೆ ವಾಸಿಸುತ್ತ ಬಂದರೆಂಬುದೇ ಆ ಭಾವನೆ. ಇದರಲ್ಲಿ ಅರ್ಧ ಸತ್ಯವಿದೆ. ನಗರದೊಡನೆ ಅವರ ಮನಸ್ಸಿನ ಸಂಬಂಧ ಕಡಿಯಲಿಲ್ಲವೆಂಬುದು ನಿಜ. ಅವರು ಪ್ರಾರ್ಥಿಸುವಾಗ ಮುಖ ಮಾಡುವುದು ಇಂದಿಗೂ ಈ ನಗರದ ದಿಕ್ಕಿಗೆ. ಆದರೆ ಕೇರಿಯ ಚರಿತ್ರೆ ಹಾಗೆ ಅಖಂಡವಾದುದಲ್ಲ. ಅದು ಹಲವು ಬಾರಿ ಬರಿದಾಯಿತು, ಸ್ಥಳ ಬದಲಿಸಿತು, ಮತ್ತೆ ಮತ್ತೆ ತನ್ನದೋ ಇತರರದೋ ಆದ ಪಾಳಿನ ಮೇಲೆ ಎದ್ದು ನಿಂತಿತು. ಆ ಕ್ರಮವನ್ನು ಸಾಧ್ಯವಾದಷ್ಟು ಸ್ಪಷ್ಟವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸ್ಥಳದ ಪರಿಚಯ. ಇಂದು ನಾವು ಕಾಣುವ ಕೋಟೆಯನ್ನು ಕಟ್ಟಿಸಿದವನು ತುರ್ಕಿಯ ಸುಲ್ತಾನ ಸುಲೇಮಾನ್. ಕಟ್ಟಿದ ಕಾಲ ಕ್ರಿ.ಶ. 1537ರಿಂದ 1541. ಗೋಡೆಯ ಸುತ್ತಳತೆ ಸುಮಾರು 4 ಕಿಲೋಮೀಟರು. ಒಳಗಿನ ನೆಲವಾದರೋ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಇಷ್ಟು ಕಿರಿದಾದ ಜಾಗದಲ್ಲಿ ಮೂರು ಧರ್ಮಗಳ ಪವಿತ್ರ ಸ್ಥಾನಗಳು ಒಂದಕ್ಕೊಂದು ತಾಗಿಕೊಂಡಿವೆಯೆಂಬುದನ್ನು ನೆನಪಿನಲ್ಲಿಡಬೇಕು. ಹೆಬ್ಬಾಗಿಲುಗಳು ಎಂಟು, ಅವುಗಳಲ್ಲಿ ಪೂರ್ವದ ಸುವರ್ಣದ್ವಾರವನ್ನು ಕಲ್ಲಿಟ್ಟು ಮುಚ್ಚಲಾಗಿದೆ. ಈಶಾನ್ಯಕ್ಕೆ ಮುಸ್ಲಿಮರ ಕೇರಿ, ವಾಯವ್ಯಕ್ಕೆ ಕ್ರೈಸ್ತರದು, ನೈರುತ್ಯಕ್ಕೆ ಅರ್ಮೇನಿಯನರದು, ದಕ್ಷಿಣದಲ್ಲಿ ಅರ್ಮೇನಿಯನರ ಕೇರಿಗೂ ದೇವಾಲಯದ ಬೆಟ್ಟಕ್ಕೂ ನಡುವೆ ಯೆಹೂದಿಗಳದು. ಹೀಗೆ ನಾಲ್ಕು ಪಾಲು ಮಾಡಿ ಹೆಸರಿಟ್ಟವರು 19ನೆಯ ಶತಮಾನದ ಯೂರೋಪಿನ ನಕ್ಷೆಗಾರರು. ಊರಿನವರಿಗೆ ಇದ್ದುದು ಇದಕ್ಕಿಂತ ಚಿಕ್ಕ ಚಿಕ್ಕ ಹಾರಗಳು. ಅರಬ್ಬಿಯಲ್ಲಿ ಹಾರ ಎಂದರೆ ಕೇರಿ. ಯೆಹೂದಿಗಳಿದ್ದ ಭಾಗ ಹಾರತ್ ಅಲ್-ಯಹೂದ್. ಅದಕ್ಕೆ ಅಂಟಿಕೊಂಡಂತೆ ಹಾರತ್ ಅಲ್-ಶರಫ್ ಮುಂತಾದ ಮುಸ್ಲಿಂ ಕೇರಿಗಳೂ ಇದ್ದವು. ನಕ್ಷೆಯ ಗೆರೆಯಷ್ಟು ನೇರವಾಗಿ ಜನರ ಬದುಕು ಎಂದೂ ಹರಿದು ಹಂಚಿಹೋಗಿರಲಿಲ್ಲ.

ಕೇರಿಯು ನಗರದ ಪಶ್ಚಿಮ ಗುಡ್ಡದ ಪೂರ್ವದ ಇಳಿಜಾರಿನಲ್ಲಿದೆ. ಇಳಿಜಾರಿನ ಕೆಳಗೆ ಒಂದು ಕಣಿವೆ. ಅದು ಶತಮಾನಗಳ ಮಣ್ಣು, ಕಲ್ಲುಗಳಿಂದ ಈಗ ಬಹುಪಾಲು ತುಂಬಿಹೋಗಿದೆ. ಕಣಿವೆಯ ಆಚೆಗೆ ದೇವಾಲಯದ ಬೆಟ್ಟ. ಹೆರೋದ ರಾಜನು ಆ ಬೆಟ್ಟದ ಸುತ್ತ ಬೃಹದಾಕಾರದ ಆಧಾರಭಿತ್ತಿಗಳನ್ನು ಎತ್ತಿಸಿ ಮೇಲೆ ವಿಶಾಲವಾದ ಜಗಲಿಯನ್ನು ನಿರ್ಮಿಸಿದನು. ಆ ಜಗಲಿಯ ಮೇಲೆ ಈಗ ಅಲ್-ಅಕ್ಸಾ ಮಸೀದಿಯೂ ಬಂಡೆಯ ಗುಮ್ಮಟವೂ ಇವೆ. ಪಶ್ಚಿಮದ ಆಧಾರಭಿತ್ತಿಯ ಉದ್ದ 488 ಮೀಟರು. ಅದರಲ್ಲಿ ಬಯಲಿಗೆ ಕಾಣುವಂತಿದ್ದು ಯೆಹೂದಿಗಳು ಪ್ರಾರ್ಥಿಸುವ ತುಣುಕೇ ಲೋಕಪ್ರಸಿದ್ಧವಾದ ಪಶ್ಚಿಮ ಗೋಡೆ. ದೇವಾಲಯದ್ದಲ್ಲ, ದೇವಾಲಯ ನಿಂತಿದ್ದ ನೆಲವನ್ನು ಹೊತ್ತ ಗೋಡೆ ಅದು. ಈ ವ್ಯತ್ಯಾಸವನ್ನು ಪ್ರವಾಸಿಗಳಲ್ಲಿ ಹಲವರು ಗಮನಿಸುವುದಿಲ್ಲ.

ಕೇರಿಯ ನೆಲದಡಿಯಲ್ಲಿ ಏನಿದೆ ಎಂಬುದು 1969ರಲ್ಲಿ ಪುರಾತತ್ವಜ್ಞ ನಹ್‌ಮಾನ್ ಅವಿಗಾದ್ ಅವರ ನೇತೃತ್ವದಲ್ಲಿ ಉತ್ಖನನ ಆರಂಭವಾಗುವವರೆಗೆ ಬಹುಮಟ್ಟಿಗೆ ಊಹೆಯ ವಿಷಯವಾಗಿತ್ತು. ಹತ್ತು ವರ್ಷಗಳಿಗೂ ಮೀರಿ ನಡೆದ ಆ ಕಾರ್ಯದಲ್ಲಿ ದೊರೆತ ಅತಿ ಪ್ರಾಚೀನ ಅವಶೇಷಗಳಲ್ಲಿ ಸುಮಾರು 7 ಮೀಟರು ದಪ್ಪದ ಒಂದು ಕೋಟೆಗೋಡೆಯೂ ಸೇರಿದೆ. ಕ್ರಿ.ಪೂ. 8ನೆಯ ಶತಮಾನದ ಕೊನೆಯಲ್ಲಿ, ಅಸ್ಸೀರಿಯರ ದಂಡಯಾತ್ರೆಯ ಭೀತಿಯಲ್ಲಿದ್ದ ಹಿಜ್ಕೀಯ ಅರಸನ ಕಾಲದಲ್ಲಿ, ಅದನ್ನು ಕಟ್ಟಿದರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಗೋಡೆಯು ಅದಕ್ಕೂ ಮುಂಚಿನ ಮನೆಗಳನ್ನು ಸೀಳಿಕೊಂಡು ಹೋಗಿದೆ. ರಕ್ಷಣೆಗಾಗಿ ತಮ್ಮವರದೇ ಮನೆಗಳನ್ನು ಕೆಡವಿದರೆಂದು ಇದರಿಂದ ತಿಳಿಯುತ್ತದೆ. ಕಟ್ಟುವುದಕ್ಕಾಗಿ ಕೆಡವುವ ಈ ಪದ್ಧತಿಯನ್ನು ಕೇರಿಯ ಚರಿತ್ರೆಯಲ್ಲಿ ಮುಂದೆಯೂ ಕಾಣುತ್ತೇವೆ.

ಅದರ ಮೇಲಿನ ಸ್ತರ ಹೆರೋದನ ಕಾಲದ್ದು. ಆಗ ಇದು ಮೇಲಣ ಪಟ್ಟಣ. ಪುರೋಹಿತ ಮನೆತನಗಳು, ಧನಿಕರು ಇಲ್ಲಿ ವಾಸಿಸುತ್ತಿದ್ದರು. ಇಂದಿನ ರಸ್ತೆಗಿಂತ ಮೂರು ಮೀಟರಿನಷ್ಟು ಕೆಳಗೆ ಅವರ ಮನೆಗಳು ಸಿಕ್ಕಿವೆ. ಗಾರೆಯ ಮೇಲೆ ಬಣ್ಣದ ಚಿತ್ತಾರ, ಪ್ರಾಣಿ ಮನುಷ್ಯರ ರೂಪಗಳಿಲ್ಲದ ಬಣ್ಣಗಲ್ಲಿನ ನೆಲಹಾಸು, ಮೆಟ್ಟಿಲಿಳಿದು ಹೋಗಿ ಮುಳುಗುವ ಶುದ್ಧಿಸ್ನಾನದ ಕೊಳಗಳು ಈ ಮನೆಗಳಲ್ಲಿವೆ. ಪಾತ್ರೆಗಳಲ್ಲಿ ಬಹಳಷ್ಟು ಕಲ್ಲಿನವು. ಮಣ್ಣಿನ ಪಾತ್ರೆ ಮೈಲಿಗೆಯಾದರೆ ಒಡೆದುಹಾಕಬೇಕು, ಕಲ್ಲಿಗೆ ಮೈಲಿಗೆಯಿಲ್ಲ ಎಂಬ ಅವರ ಧರ್ಮಶಾಸ್ತ್ರದ ನಿಯಮವೇ ಇದಕ್ಕೆ ಕಾರಣ. ಒಂದು ಮನೆಯ ಗಾರೆಯ ತುಂಡಿನ ಮೇಲೆ ಏಳು ಕವಲಿನ ದೀಪಸ್ತಂಭದ ಗೀಚುಚಿತ್ರ ದೊರೆತಿದೆ. ದೇವಾಲಯದಲ್ಲಿ ಆ ದೀಪ ಉರಿಯುತ್ತಿದ್ದ ದಿನಗಳಲ್ಲಿಯೇ ಬರೆದುದಾದ್ದರಿಂದ ಅದಕ್ಕೆ ವಿಶೇಷ ಬೆಲೆಯಿದೆ.

ಕ್ರಿ.ಶ. 70ರಲ್ಲಿ ಟೈಟಸನ ರೋಮನ್ ಸೈನ್ಯ ದೇವಾಲಯವನ್ನು ಸುಟ್ಟಿತು. ಸುಮಾರು ಒಂದು ತಿಂಗಳ ತರುವಾಯ ಮೇಲಣ ಪಟ್ಟಣವೂ ಉರಿದುಹೋಯಿತು. ರೋಮನರ ಪಾಳೆಯದಲ್ಲಿದ್ದ ಇತಿಹಾಸಕಾರ ಜೋಸೆಫಸನು ಇದನ್ನು ಬರೆದಿಟ್ಟಿದ್ದಾನೆ. ಅವನ ಬರವಣಿಗೆಗೆ 1970ರಲ್ಲಿ ನೆಲದೊಳಗಿನಿಂದ ಸಾಕ್ಷ್ಯ ದೊರೆಯಿತು. ಇಂದು 'ಸುಟ್ಟ ಮನೆ' ಎಂದು ಕರೆಯುವ ಮನೆಯ ನೆಲಮಾಳಿಗೆಯ ಕೋಣೆಗಳು ಬೂದಿಯಲ್ಲಿ ಹೂತುಹೋಗಿದ್ದವು. ಗೋಡೆಗೆ ಮಸಿ ಹಿಡಿದಿತ್ತು. ಒಂದು ಮೂಲೆಯಲ್ಲಿ ಕಬ್ಬಿಣದ ಈಟಿ, ಇನ್ನೊಂದು ಕಡೆ ತರುಣಿಯೊಬ್ಬಳ ತೋಳಿನ ಎಲುಬು. ಅಲ್ಲಿಯೇ ಸಿಕ್ಕ ತೂಕದ ಕಲ್ಲೊಂದರ ಮೇಲೆ ಬಾರ್ ಕಥ್ರೋಸ್, ಅಂದರೆ ಕಥ್ರೋಸನ ಮಗ, ಎಂಬ ಹೆಸರಿದೆ. ಕಥ್ರೋಸ್ ಎಂಬುದು ಪುರೋಹಿತ ಮನೆತನಗಳಲ್ಲಿ ಒಂದು. ಅಧಿಕಾರವನ್ನು ದುರುಪಯೋಗಪಡಿಸಿಕೊಂಡ ಮನೆತನಗಳನ್ನು ಹೆಸರಿಸುವಾಗ ಯೆಹೂದಿಗಳ ತಾಲ್ಮೂದ್ ಗ್ರಂಥ ಇದನ್ನೂ ಹೆಸರಿಸುತ್ತದೆ. ಶಾಸ್ತ್ರಗ್ರಂಥದಲ್ಲಿ ನಿಂದೆಗೆ ಗುರಿಯಾದ ಒಂದು ಕುಲದ ಹೆಸರು ಹತ್ತೊಂಬತ್ತು ಶತಮಾನಗಳ ನಂತರ ಬೂದಿಯ ನಡುವೆ ಸಿಕ್ಕಿದಾಗ ಗ್ರಂಥಕ್ಕೂ ನೆಲಕ್ಕೂ ಇರುವ ಸಂಬಂಧ ಎಂಥದೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಮನವರಿಕೆಯಾಗದಿರದು.

132ರಿಂದ 135ರವರೆಗೆ ನಡೆದ ಬಾರ್ ಕೊಖ್ಬನ ದಂಗೆಯನ್ನು ಅಡಗಿಸಿದ ಮೇಲೆ ಚಕ್ರವರ್ತಿ ಹಾದ್ರಿಯನನು ನಗರಕ್ಕೆ ಏಲಿಯಾ ಕ್ಯಾಪಿಟೋಲಿನಾ ಎಂಬ ಹೆಸರನ್ನು ನೆಲೆಗೊಳಿಸಿ, ಯೆಹೂದಿಗಳು ಒಳಗೆ ಕಾಲಿಡದಂತೆ ಆಜ್ಞೆ ಮಾಡಿದನು. ಅಂದಿನಿಂದ ಸುಮಾರು ಐದು ನೂರು ವರ್ಷ ಇಲ್ಲಿ ಯೆಹೂದಿ ಕೇರಿ ಎಂಬುದಿರಲಿಲ್ಲ. ಕ್ರೈಸ್ತ ಬೈಜಾಂಟಿಯಮ್ಮಿನ ಆಳ್ವಿಕೆಯಲ್ಲಿ, 6ನೆಯ ಶತಮಾನದಲ್ಲಿ, ಚಕ್ರವರ್ತಿ ಜಸ್ಟಿನಿಯನನು ದಕ್ಷಿಣಕ್ಕೆ ದೊಡ್ಡದೊಂದು ಇಗರ್ಜಿಯನ್ನು ಕಟ್ಟಿಸಿದನು. ನಗರದ ನಡುವಿನ ಕಾರ್ಡೋ ಎಂಬ ಹೆದ್ದಾರಿಯನ್ನು ಅಲ್ಲಿಯವರೆಗೆ ಬೆಳೆಸಿದುದೂ ಆ ಕಾಲದಲ್ಲಿಯೇ. 22 ಮೀಟರಿಗೂ ಹೆಚ್ಚು ಅಗಲದ ಆ ಬೀದಿಯ ಎರಡೂ ಬದಿಗೆ ಕಂಬಸಾಲುಗಳಿದ್ದವು. ಜೋರ್ಡಾನ್ ದೇಶದ ಮಾದಬಾ ಊರಿನ ಇಗರ್ಜಿಯ ನೆಲದ ಮೇಲೆ ಬಣ್ಣಗಲ್ಲಿನಲ್ಲಿ ರಚಿಸಿದ 6ನೆಯ ಶತಮಾನದ ನಕ್ಷೆಯಲ್ಲಿ ಈ ಕಂಬಸಾಲು ಕಾಣಿಸಿದೆ. ಇಂದು ಯೆಹೂದಿ ಕೇರಿಯ ನಡುವೆ ರಸ್ತೆಗಿಂತ ತಗ್ಗಿನಲ್ಲಿ ತೆರೆದಿರುವ ಕಂಬಗಳು ಇವೇ. ಯೆಹೂದಿಗಳಿಲ್ಲದ ಕಾಲದ ಕ್ರೈಸ್ತ ಹೆದ್ದಾರಿಯೇ ಅವರ ಕೇರಿಯ ಹೆಮ್ಮೆಯ ದರ್ಶನೀಯ ವಸ್ತುವಾಗಿದೆ!

638ರ ಸುಮಾರಿಗೆ ನಗರ ಅರಬರ ವಶವಾಯಿತು. ಯೆಹೂದಿಗಳಿಗೆ ಮತ್ತೆ ಒಳಗೆ ನೆಲೆಸಲು ಅವಕಾಶ ದೊರೆಯಿತು. 11ನೆಯ ಶತಮಾನದ ಹೊತ್ತಿಗೆ ಅವರ ಕೇರಿ ಇದ್ದುದು ಈಗಿರುವಲ್ಲಿ ಅಲ್ಲ, ಈಶಾನ್ಯ ಭಾಗದಲ್ಲಿ, ಇಂದಿನ ಮುಸ್ಲಿಂ ಕೇರಿಯ ನೆಲದಲ್ಲಿ. 1099ರಲ್ಲಿ ಕ್ರೂಸೇಡ್ ಯೋಧರು ಕೋಟೆಯನ್ನು ಹತ್ತಿದುದೂ ಆ ಬದಿಯಿಂದಲೇ. ಒಳನುಗ್ಗಿದ ಅವರು ಮುಸ್ಲಿಮರನ್ನೂ ಯೆಹೂದಿಗಳನ್ನೂ ಕೊಂದರು. ಉಳಿದವರಿಗೆ ನಗರವಾಸವನ್ನು ನಿಷೇಧಿಸಿದರು. ಬರಿದಾದ ಕೇರಿಗೆ ಪೂರ್ವದೇಶದ ಕ್ರೈಸ್ತರನ್ನು ಕರೆತಂದು ಕೂಡಿಸಿದರೂ ಫ್ರಾಂಕರ ದಾಖಲೆಗಳಲ್ಲಿ ಆ ಭಾಗಕ್ಕೆ 'ಯೆಹೂದಿ ಕೇರಿ' ಎಂಬ ಹೆಸರು ಉಳಿದುಕೊಂಡಿತು. ಜನ ಹೋದರೂ ಹೆಸರು ಹೋಗಲಿಲ್ಲ. ಇತ್ತ ಇಂದಿನ ಯೆಹೂದಿ ಕೇರಿಯ ನೆಲದಲ್ಲಿ ಜರ್ಮನಿಯ ಯಾತ್ರಿಕರಿಗಾಗಿ ಸಂತ ಮೇರಿಯ ಇಗರ್ಜಿ ಮತ್ತು ಆಸ್ಪತ್ರೆ ನಿರ್ಮಾಣವಾದವು. ಪಶ್ಚಿಮ ಗೋಡೆಯ ಕಡೆಗೆ ಮೆಟ್ಟಿಲಿಳಿಯುವವರು ಅವುಗಳ ಅವಶೇಷವನ್ನು ಈಗಲೂ ನೋಡಬಹುದು.

ಈಗಿನ ಕೇರಿಯ ಮೂಲವನ್ನು ಹುಡುಕುವವರು 1267ಕ್ಕೆ ಬಂದು ನಿಲ್ಲಬೇಕು. ಆ ವರ್ಷ ಸ್ಪೇನಿನ ಗಿರೋನಾ ಪಟ್ಟಣದ ಮಹಾವಿದ್ವಾಂಸ ಮೋಶೆ ಬೆನ್ ನಹ್‌ಮಾನ್ ತನ್ನ ವೃದ್ಧಾಪ್ಯದಲ್ಲಿ ಇಲ್ಲಿಗೆ ಬಂದನು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅವನನ್ನು ರಂಬಾನ್ ಎಂದು ಕರೆಯುವುದು ರೂಢಿ. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಸನ ಸಮ್ಮುಖದಲ್ಲಿ ಕ್ರೈಸ್ತ ಪಂಡಿತರೊಡನೆ ವಾದಮಾಡಿ, ಅದರ ಫಲವಾಗಿ ದೇಶ ಬಿಡಬೇಕಾಗಿ ಬಂದವನು ಅವನು. ಜೆರೂಸಲೇಮಿನಿಂದ ಮಗನಿಗೆ ಬರೆದ ಪತ್ರದಲ್ಲಿ ಅವನು ಊರಿನ ಸ್ಥಿತಿಯನ್ನು ತಿಳಿಸಿದ್ದಾನೆ. ಮಂಗೋಲರ ದಾಳಿಯ ಭಯದಿಂದ ಜನ ಓಡಿಹೋಗಿದ್ದರು. ಅವನಿಗೆ ಕಂಡ ಯೆಹೂದಿ ನಿವಾಸಿಗಳು ಇಬ್ಬರೇ. ಅಣ್ಣತಮ್ಮಂದಿರು, ಬಟ್ಟೆಗೆ ಬಣ್ಣ ಹಾಕಿ ಜೀವಿಸುವವರು. ಯೆಹೂದಿಗಳಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಕೂಡಲೇಬೇಕು. ಸಬ್ಬತ್ ದಿನ ಆ ಅಣ್ಣತಮ್ಮಂದಿರ ಮನೆಯಲ್ಲಿ ಹೇಗೋ ಆ ಹತ್ತು ಮಂದಿ ಸೇರುತ್ತಿದ್ದರು. ರಂಬಾನನು ಅಮೃತಶಿಲೆಯ ಕಂಬಗಳೂ ಅಂದವಾದ ಗುಮ್ಮಟವೂ ಇದ್ದ ಒಂದು ಪಾಳುಮನೆಯನ್ನು ಹುಡುಕಿ, ಅದನ್ನೇ ಸಭಾಮಂದಿರವನ್ನಾಗಿ ಮಾಡಿದನು. ಮಂಗೋಲರ ಭಯದಲ್ಲಿ ಶೆಖೆಮಿಗೆ ಸಾಗಿಸಿದ್ದ ಧರ್ಮಗ್ರಂಥದ ಸುರುಳಿಗಳನ್ನು ಹಿಂದಕ್ಕೆ ತರಿಸಿದನು. ಒಡೆಯರಿಲ್ಲದ ಪಾಳುಮನೆಗಳು ಬೇಕಾದಷ್ಟಿದ್ದವು, ಬೇಕೆಂದವರು ತೆಗೆದುಕೊಳ್ಳಬಹುದಾಗಿತ್ತು ಎಂಬ ಅವನ ಹೇಳಿಕೆ ಆ ಕಾಲದ ನಗರದ ದುಃಸ್ಥಿತಿಯನ್ನು ಕಣ್ಣಿಗೆ ಕಟ್ಟಿಸುತ್ತದೆ. ಅವನ ಹೆಸರಿನ ಸಭಾಮಂದಿರವು ಈಗಿರುವ ಸ್ಥಳಕ್ಕೆ ಬಂದುದು 1400ರ ಸುಮಾರಿಗೆ ಎಂದು ಹಲವರ ಅಭಿಪ್ರಾಯ. ಅದರ ಸುತ್ತಲೇ ಕೇರಿ ಬೆಳೆಯಿತು.

ಬೆಳವಣಿಗೆ ನಿಧಾನವಾದುದು. 1488ರಲ್ಲಿ ಬಂದ ಇಟಲಿಯ ಪಂಡಿತ ಓಬದ್ಯನು ಸುಮಾರು 70 ಬಡ ಕುಟುಂಬಗಳನ್ನು ಕಂಡನು. ಅದಕ್ಕೂ ಮೊದಲು, 1474ರಲ್ಲಿ, ಪಕ್ಕದ ಮಸೀದಿಗೆ ಸಂಬಂಧಿಸಿದ ಜಗಳದಲ್ಲಿ ಸಭಾಮಂದಿರವನ್ನು ಕೆಡವಲಾಗಿತ್ತು. ಈಜಿಪ್ಟಿನ ಸುಲ್ತಾನ ಖಾಯಿತ್‌ಬೇ ಅದನ್ನು ಮತ್ತೆ ಕಟ್ಟಿಕೊಳ್ಳಲು ಅನುಮತಿಯಿತ್ತನು. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಸೆಫಾರ್ದಿ ಯೆಹೂದಿಗಳು ಬಂದಾಗ ಕೇರಿಗೆ ಹೊಸ ಜೀವ ಬಂತು. 1586ರಲ್ಲಿ ತುರ್ಕಿ ಅಧಿಕಾರಿಯ ಆಜ್ಞೆಯಿಂದ ರಂಬಾನ್ ಮಂದಿರ ಮುಚ್ಚಿಹೋದಾಗ, ಸೆಫಾರ್ದಿಗಳು ಕೆಳಗಡೆ ತಮ್ಮದೇ ಸಭಾಮಂದಿರಗಳನ್ನು ಕಟ್ಟಿಕೊಂಡರು. ಒಂದಕ್ಕೊಂದು ಅಂಟಿಕೊಂಡ ನಾಲ್ಕು ಮಂದಿರಗಳು ಅವು. ಮುಸ್ಲಿಮೇತರರ ಪ್ರಾರ್ಥನಾಲಯ ಸುತ್ತಲಿನ ಮಸೀದಿಗಳಿಗಿಂತ ಎತ್ತರವಾಗಕೂಡದೆಂಬ ಕಟ್ಟಳೆಯಿದ್ದುದರಿಂದ ನೆಲವನ್ನು ರಸ್ತೆಯ ಮಟ್ಟಕ್ಕಿಂತ ತಗ್ಗಿಸಿದರು. ಮೆಟ್ಟಿಲಿಳಿದು ಒಳಹೊಕ್ಕರೆ ಮಾತ್ರ ಒಳಗಿನ ಎತ್ತರ ತಿಳಿಯುತ್ತದೆ. ತಾಲ್ಮೂದನ್ನು ಒಪ್ಪದ ಕರಾಯಿತ ಪಂಥದವರ ಚಿಕ್ಕ ಮಂದಿರವೂ ಹಾಗೆಯೇ ನೆಲದಡಿಯಲ್ಲಿದೆ.

ಜರ್ಮನಿ, ಪೋಲೆಂಡುಗಳ ಅಶ್ಕೆನಾಜಿ ಯೆಹೂದಿಗಳ ಕಥೆ ಬೇರೆಯ ಬಗೆಯದು. 1700ರಲ್ಲಿ ಧರ್ಮನಿಷ್ಠನಾದ ಯೆಹೂದಾ ಎಂಬ ಗುರು ನೂರಾರು ಅನುಯಾಯಿಗಳೊಡನೆ ಪೋಲೆಂಡಿನಿಂದ ಬಂದು, ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡನು. ನಾಯಕನಿಲ್ಲದ ಆ ಜನ ಸ್ಥಳೀಯರಿಂದ ಸಾಲ ತಂದು ಸಭಾಮಂದಿರವನ್ನು ಕಟ್ಟತೊಡಗಿದರು; ಸಾಲ ತೀರಿಸಲಾರದೆ ಹೋದರು. 1720ರಲ್ಲಿ ಸಾಲಕೊಟ್ಟವರು ಅದಕ್ಕೆ ಬೆಂಕಿಯಿಟ್ಟರು. ಅಂದಿನಿಂದ ಅದರ ಹೆಸರೇ ಹುರ್ವಾ. ಹೀಬ್ರೂ ಭಾಷೆಯಲ್ಲಿ ಪಾಳು ಎಂದರ್ಥ. ಮುಂದೆ ಸುಮಾರು ನೂರು ವರ್ಷ ಅಶ್ಕೆನಾಜಿಗಳಿಗೆ ಊರಿನಲ್ಲಿ ನೆಲೆಯಿರಲಿಲ್ಲ. ಹೇಗಾದರೂ ಬಂದವರು ಹಳೆಯ ಸಾಲಗಾರರ ಮಕ್ಕಳು ಮೊಮ್ಮಕ್ಕಳು ಗುರುತು ಹಿಡಿಯದಿರಲೆಂದು ಸೆಫಾರ್ದಿಗಳ ಉಡುಪನ್ನು ತೊಟ್ಟು ತಿರುಗುತ್ತಿದ್ದರಂತೆ. ಹಳೆಯ ಸಾಲದ ಹೊರೆ ಹರಿದು, ತುರ್ಕಿಯ ಫರ್ಮಾನು ದೊರೆತು, ಬಾಗ್ದಾದಿನ ಯೆಹೂದಿ ದಾನಿ ಎಜೆಕಿಯೆಲ್ ರೂಬೆನ್ ಮೊದಲಾದವರ ಹಣ ಸೇರಿ 1864ರಲ್ಲಿ ಭವ್ಯವಾದ ಹೊಸ ಮಂದಿರ ಸಿದ್ಧವಾಯಿತು. ಅದರ ಗುಮ್ಮಟ ಊರಿಗೆಲ್ಲ ಕಾಣುತ್ತಿತ್ತು. ಆದರೂ ಜನ ಅದನ್ನು ಕರೆದುದು ಹುರ್ವಾ ಎಂದೇ. 1872ರಲ್ಲಿ ಹಸೀದಿ ಪಂಥದವರ ತಿಫೆರೆತ್ ಇಸ್ರಾಯೇಲ್ ಮಂದಿರ ಅದಕ್ಕೆ ಜೊತೆಯಾಯಿತು. ಇದರ ಬಗ್ಗೆ ಒಂದು ಕಥೆಯಿದೆ. 1869ರಲ್ಲಿ ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಬಂದಾಗ, ಮಂದಿರಕ್ಕೆ ಗುಮ್ಮಟವೇಕಿಲ್ಲ ಎಂದು ಕೇಳಿದನಂತೆ. ತಮ್ಮ ಗೌರವಾರ್ಥ ಅದು ಟೋಪಿ ತೆಗೆದು ನಿಂತಿದೆ ಎಂದರಂತೆ ಊರಿನವರು. ದೊರೆ ನಕ್ಕು ಗುಮ್ಮಟಕ್ಕೆ ಹಣ ಕೊಟ್ಟನಂತೆ.

ಮಂದಿರಗಳ ಭವ್ಯತೆಯಿಂದ ಮನೆಗಳ ಸ್ಥಿತಿಯನ್ನು ಊಹಿಸಬಾರದು. ಕೇರಿಯ ವಾಸದ ಘಟಕ ಮನೆಯಲ್ಲ, ಅಂಗಳ. ಓಣಿಯ ಕಡೆಗೆ ಕಿಟಕಿಯಿಲ್ಲದ ಗೋಡೆ, ತಗ್ಗಿದ ಬಾಗಿಲು, ಒಳಗೆ ಅಂಗಳದ ಸುತ್ತ ಕಮಾನು ಚಾವಣಿಯ ಕೋಣೆಗಳು, ಕೋಣೆಗೊಂದು ಕುಟುಂಬ. ನಡುವೆ ನೆಲದಡಿ ಮಳೆನೀರಿನ ತೊಟ್ಟಿ. ಬೇಸಗೆಯ ಕೊನೆಗೆ ತೊಟ್ಟಿ ಬತ್ತಿದರೆ ಇಡೀ ಅಂಗಳಕ್ಕೆ ಸಂಕಟ. ನೆಲದ ಒಡೆತನವಾದರೋ ಅನೇಕ ಕಡೆ ಮುಸ್ಲಿಂ ಕುಟುಂಬಗಳದು ಅಥವಾ ವಕ್ಫಿನದು, ಯೆಹೂದಿಗಳು ಬಾಡಿಗೆದಾರರು. ಒಬ್ಬ ಯೆಹೂದಿ ಹೆಚ್ಚು ಬಾಡಿಗೆ ಕೊಟ್ಟು ಇನ್ನೊಬ್ಬನನ್ನು ಎಬ್ಬಿಸಕೂಡದೆಂದು ಸಮುದಾಯವೇ ನಿಯಮ ಮಾಡಿಕೊಂಡಿತ್ತು. ಹೊರದೇಶಗಳ ಯೆಹೂದಿಗಳು ಕಳಿಸಿದ ಕಾಣಿಕೆಯನ್ನು ಹುಟ್ಟೂರಿನ ಪ್ರಕಾರ ಗುಂಪುಗುಂಪಾಗಿ ಹಂಚುವ ಹಲುಕ್ಕಾ ಎಂಬ ವ್ಯವಸ್ಥೆ ಅಧ್ಯಯನನಿರತರನ್ನು ಸಾಕುತ್ತಿತ್ತು. ಅದು ವಿದ್ಯೆಯನ್ನು ಉಳಿಸಿತೆಂಬುದು ನಿಜ. ಪರಾವಲಂಬನೆಯನ್ನೂ ಒಳಜಗಳವನ್ನೂ ಬೆಳೆಸಿತೆಂಬ ಟೀಕೆಯೂ ಅಷ್ಟೇ ನಿಜ. ಬಡವರ ವಸತಿಗಾಗಿ ಜರ್ಮನಿ, ಹಾಲೆಂಡುಗಳ ಗುಂಪಿನವರು 1860ರ ಸುಮಾರಿನಿಂದ ದಕ್ಷಿಣ ತುದಿಯಲ್ಲಿ ಬತೇ ಮಹಸೆ, ಅಂದರೆ ಆಶ್ರಯದ ಮನೆಗಳನ್ನು, ಬಯಲಿನ ಸುತ್ತ ಕಟ್ಟಿದರು. ಅದೇ 1860ರಲ್ಲಿ ಮೋಸೆಸ್ ಮಾಂಟೆಫಿಯೋರೆ ಕೋಟೆಯ ಹೊರಗೆ ಮೊದಲ ಯೆಹೂದಿ ಬಡಾವಣೆಯನ್ನು ನಿರ್ಮಿಸಿದನು. ರಾತ್ರಿ ಹೆಬ್ಬಾಗಿಲು ಮುಚ್ಚುತ್ತಿದ್ದ ಕಾಲ. ಮೊದಮೊದಲು ಜನ ಅಲ್ಲಿ ಮಲಗಲು ಅಂಜಿದರು. ಕ್ರಮೇಣ ಕಾಲರಾ, ಇಕ್ಕಟ್ಟು, ಬಾಡಿಗೆಗಳಿಂದ ಬೇಸತ್ತವರು ಹೊರಗೆ ಹೋದರು. 1948ರ ಹೊತ್ತಿಗೆ ಕೇರಿಯಲ್ಲಿ ಉಳಿದ ಯೆಹೂದಿಗಳು ಎರಡು ಸಾವಿರಕ್ಕಿಂತ ಕಡಿಮೆ. ಬಹುಮಂದಿ ವೃದ್ಧರು, ಬಡವರು, ಧರ್ಮನಿಷ್ಠರು.

ಆ ವರ್ಷದ ಯುದ್ಧದಲ್ಲಿ ಜೋರ್ಡಾನಿನ ಅರಬ್ ಲೀಜನ್ ಕೇರಿಯನ್ನು ಸುತ್ತುವರಿಯಿತು. ಮೇ ತಿಂಗಳಲ್ಲಿ ತಿಫೆರೆತ್ ಇಸ್ರಾಯೇಲ್ ಕುಸಿಯಿತು. 27ರಂದು ಹುರ್ವಾ ಸಿಡಿಮದ್ದಿಗೆ ಆಹುತಿಯಾಯಿತು. 28ರಂದು ಕೇರಿ ಶರಣಾಯಿತು. ಕೊನೆಯ ದಿನಗಳಲ್ಲಿ ಜನರೆಲ್ಲ ಬತೇ ಮಹಸೆಯ ಮನೆಗಳಲ್ಲಿ ತುಂಬಿಕೊಂಡಿದ್ದರು. ಹೋರಾಟದಲ್ಲಿ ಸತ್ತ 48 ಮಂದಿಯನ್ನು ಅಲ್ಲಿಯೇ ಹೂಳಿದ್ದರು. ಹೋರಾಡಬಲ್ಲ ಗಂಡಸರು ಸೆರೆಯಾಳುಗಳಾದರು. ಉಳಿದವರು ಸಿಯೋನ್ ಬಾಗಿಲಿನಿಂದ ಹೊರನಡೆದರು. ಆ ಬಾಗಿಲ ಕಲ್ಲಿನ ಮೇಲೆ ಗುಂಡಿನ ಗುರುತುಗಳು ಇಂದಿಗೂ ಇವೆ. ಮುಂದಿನ 19 ವರ್ಷ ಯೆಹೂದಿಗಳಿಗೆ ಪಶ್ಚಿಮ ಗೋಡೆಯ ದರ್ಶನವೂ ಇಲ್ಲವಾಯಿತು. ಬರಿದಾದ ಮನೆಗಳಲ್ಲಿ ಅದೇ ಯುದ್ಧದಲ್ಲಿ ತಮ್ಮ ಊರು ಕಳೆದುಕೊಂಡ ಅರಬ್ ನಿರಾಶ್ರಿತರು ಬಂದು ನೆಲಸಿದರು. ಸೆಫಾರ್ದಿ ಮಂದಿರಗಳು ಕೊಟ್ಟಿಗೆಗಳಾದವು.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಹಳೆಯ ನಗರವನ್ನು ಗೆದ್ದಿತು. ಇಲ್ಲಿಂದ ಮುಂದಿನ ಭಾಗವನ್ನು ಹಲವು ಗ್ರಂಥಗಳು ಪುನರ್ನಿರ್ಮಾಣ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ, ಅದು ಸಾಲದು. ಪಶ್ಚಿಮ ಗೋಡೆಯ ಎದುರಿಗೆ ಆಗ ಇದ್ದುದು ಕೇವಲ ನಾಲ್ಕು ಮೀಟರಿನಷ್ಟು ಅಗಲದ ಓಣಿ. ಅದರಾಚೆ ಮಗ್ರಿಬೀ ಕೇರಿ. ಸಲಾಹುದ್ದೀನನ ಮಗ ಅಲ್-ಅಫ್ದಲ್ 12ನೆಯ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕದ ಮುಸ್ಲಿಮರಿಗಾಗಿ ವಕ್ಫ್ ಮಾಡಿಕೊಟ್ಟ ನೆಲ ಅದು. ಜೂನ್ 10ರ ರಾತ್ರಿ ಆರಂಭಿಸಿ ಒಂದೆರಡು ದಿನಗಳಲ್ಲಿ ಅಲ್ಲಿನ ನೂರಕ್ಕೂ ಹೆಚ್ಚು ಮನೆಗಳನ್ನು ಬುಲ್ಡೋಜರುಗಳಿಂದ ಕೆಡವಿದರು. ನಿವಾಸಿಗಳಿಗೆ ದೊರೆತ ಅವಧಿ ಅತ್ಯಲ್ಪ. ಇಂದು ಸಾವಿರಾರು ಜನ ಕೂಡುವ ಗೋಡೆಯೆದುರಿನ ಬಯಲು ಆ ಕೇರಿಯ ನೆಲ. 1968ರ ಏಪ್ರಿಲಿನಲ್ಲಿ ಸರಕಾರವು 116 ದೂನಮ್, ಎಂದರೆ ಸುಮಾರು 29 ಎಕರೆ ನೆಲವನ್ನು ಸ್ವಾಧೀನಪಡಿಸಿಕೊಂಡಿತು. 1948ಕ್ಕಿಂತ ಹಿಂದಿನ ಯೆಹೂದಿ ಕೇರಿಗಿಂತ ಇದು ಬಹಳ ದೊಡ್ಡದು. ಅದರಲ್ಲಿದ್ದ ಸಾವಿರಾರು ಅರಬರು ಮನೆ ಬಿಡಬೇಕಾಯಿತು. ಹಾಗೆ ಬಿಟ್ಟ ಒಬ್ಬರು ತಮ್ಮ ಮನೆಯನ್ನು ಕೊಂಡುಕೊಳ್ಳಲು ಅವಕಾಶ ಕೋರಿ ನ್ಯಾಯಾಲಯಕ್ಕೆ ಹೋದಾಗ, ಯೆಹೂದಿ ಕೇರಿಯನ್ನು ಪುನಃಸ್ಥಾಪಿಸುವುದೇ ಸ್ವಾಧೀನದ ಉದ್ದೇಶವೆಂಬ ವಾದವನ್ನು ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಮಾನ್ಯಮಾಡಿತು. 1980ರಲ್ಲಿ ಇಸ್ರೇಲ್ ಇಡೀ ಜೆರೂಸಲೇಮನ್ನು ತನ್ನ ರಾಜಧಾನಿಯೆಂದು ಶಾಸನ ಮಾಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದನ್ನು ಮಾನ್ಯಮಾಡಲಿಲ್ಲ. ಒಂದು ಜನ ಕಳೆದುಕೊಂಡ ಕೇರಿಯನ್ನು ಮರಳಿ ಪಡೆದ ಹರ್ಷವನ್ನು ವರ್ಣಿಸುವವರು, ಅದೇ ದಿನಗಳಲ್ಲಿ ಇನ್ನೊಂದು ಜನ ಕಳೆದುಕೊಂಡ ಕೇರಿಯನ್ನು ಹೆಸರಿಸದೆ ಬಿಡುವುದು ಇತಿಹಾಸಕಾರನ ಧರ್ಮವಲ್ಲ.

ಹೊಸ ಕೇರಿಯ ವಿನ್ಯಾಸವನ್ನು ತಿಳಿಯಲು ಸಿಯೋನ್ ಬಾಗಿಲಿನಿಂದ ಒಳಹೊಗುವುದು ಅನುಕೂಲ. ಎಡಗಡೆಗೆ ಅರ್ಮೇನಿಯನರ ಗೋಡೆಗಳು. ಬಲಕ್ಕೆ ಸಾಗಿದರೆ ಉತ್ತರದಕ್ಷಿಣವಾಗಿ ಹೋಗುವ ಎರಡು ಸಮಾನಾಂತರ ಬೀದಿಗಳು: ಹಬಾದ್ ಬೀದಿ ಮತ್ತು ಯೆಹೂದಿಗಳ ಬೀದಿ. ಇವೆರಡರ ನಡುವೆ ತಗ್ಗಿನಲ್ಲಿ ಕಾರ್ಡೋ. ಅದರ ಪೂರ್ವಕ್ಕೆ ಕೇರಿಯ ಹೃದಯಭಾಗವಾದ ಹುರ್ವಾ ಚೌಕ. ಒಂದೇ ಬದಿಯಲ್ಲಿ ಹುರ್ವಾ, ರಂಬಾನ್ ಮಂದಿರ, ಮತ್ತು ಅವುಗಳ ಮಗ್ಗುಲಿಗೆ ಹಳೆಯ ಸಿದ್‌ನಾ ಒಮರ್ ಮಸೀದಿಯ ಮಿನಾರು. ಚೌಕದ ದಕ್ಷಿಣಕ್ಕೆ, 1972ರಲ್ಲಿ ಮತ್ತೆ ತೆರೆದ ನಾಲ್ಕು ಸೆಫಾರ್ದಿ ಮಂದಿರಗಳು. ಇನ್ನೂ ಆಚೆ ಬತೇ ಮಹಸೆಯ ಬಯಲು. ಪೂರ್ವಕ್ಕೆ ತಿಫೆರೆತ್ ಇಸ್ರಾಯೇಲ್ ಬೀದಿಯಲ್ಲಿ ಹೋದರೆ ಮೆಟ್ಟಿಲ ಸಾಲು ಪಶ್ಚಿಮ ಗೋಡೆಗೆ ಇಳಿಸುತ್ತದೆ. ಉತ್ತರದ ಎಲ್ಲೆ ಸರಪಳಿ ಬೀದಿ. ಅದನ್ನು ದಾಟಿದೊಡನೆ ಅರಬ್ ಅಂಗಡಿಸಾಲು. ಕೇರಿಯ ಕಟ್ಟಡಗಳು ಹಳೆಯ ಅಂಗಳ, ಕಮಾನುಗಳನ್ನು ಅನುಸರಿಸಿದರೂ ಕಲ್ಲು ಹೊಸದು, ಓಣಿಗಳು ಶುಭ್ರ. ಎರಡು ಮೂರು ಸಾವಿರ ಜನರಿರುವ ಈಗಿನ ಕೇರಿ ಹಳೆಯದರ ಇಕ್ಕಟ್ಟನ್ನೂ ಬಡತನವನ್ನೂ ನೆನಪಿಸುವುದಿಲ್ಲ.

ಹುರ್ವಾವನ್ನು ಏನು ಮಾಡಬೇಕೆಂಬ ಚರ್ಚೆ ನಾಲ್ಕು ದಶಕ ನಡೆಯಿತು. ಅಹಮದಾಬಾದಿನ ಆಡಳಿತ ನಿರ್ವಹಣಾ ಸಂಸ್ಥೆಯ ಕಟ್ಟಡಗಳಿಂದ ನಮಗೆ ಪರಿಚಿತನಾದ ವಾಸ್ತುಶಿಲ್ಪಿ ಲೂಯಿ ಕಾನ್, 1968ರಲ್ಲಿ ಒಂದು ನಕ್ಷೆ ಸಿದ್ಧಪಡಿಸಿದನು. ಹಳೆಯ ಪಾಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಹೊಸ ಮಂದಿರ ನಿಲ್ಲಿಸಬೇಕೆಂಬುದು ಅವನ ಕಲ್ಪನೆ. 1974ರಲ್ಲಿ ಅವನು ತೀರಿಕೊಂಡನು. ಅದು ಕಾಗದದಲ್ಲಿಯೇ ಉಳಿಯಿತು. 1977ರಲ್ಲಿ ಮಂದಿರದ ಕಮಾನೊಂದನ್ನು ಮಾತ್ರ ಸ್ಮಾರಕವಾಗಿ ಎತ್ತಿ ನಿಲ್ಲಿಸಿದರು. ಕೊನೆಗೆ 19ನೆಯ ಶತಮಾನದ ಆಕಾರದಲ್ಲಿಯೇ ಅದನ್ನು ಪೂರ್ತಿಯಾಗಿ ಕಟ್ಟಿ 2010ರ ಮಾರ್ಚಿನಲ್ಲಿ ತೆರೆದರು. ಪಾಳನ್ನು ಪಾಳಾಗಿಯೇ ಗೌರವಿಸಬಯಸಿದ ಕಾನನ ಯೋಜನೆಯೇ ಈ ಲೇಖಕನಿಗೆ ಹೆಚ್ಚು ಒಪ್ಪಿತವಾಗಿ ಕಾಣುತ್ತದೆ. ಆದರೆ ಅಲ್ಲಿ ಪ್ರಾರ್ಥಿಸುವವರ ಅಪೇಕ್ಷೆ ಬೇರೆಯಾಗಿತ್ತು. 2014ರಲ್ಲಿ ತಿಫೆರೆತ್ ಇಸ್ರಾಯೇಲ್ ಮಂದಿರದ ಪುನರ್ನಿರ್ಮಾಣಕ್ಕೂ ಅಡಿಗಲ್ಲು ಬಿದ್ದಿತು.